ಹಲಗೆ ಎತ್ತಿದವರಿಗೆ ಕೈ ಮುಗಿ

ಬನ್ನಿ, ಹತ್ತಿರ ಕೂತ್ಕೊಳ್ಳಿ. ನಗು ಬಂದರೆ ನಕ್ಕುಬಿಡಿ, ತಡೆಯಬೇಡಿ.

ಸಮುದ್ರದ ನೀರು ಏರಿ ಇಳಿಯುವ ಒಂದು ಹೊಳೆ, ಅದರ ಬಾಯಲ್ಲಿ ಒಂದು ಊರು. ಆ ಊರಲ್ಲಿ ತುಳಸಕ್ಕ. ಅವಳಿಗಿದ್ದದ್ದು ಸತ್ತ ಗಂಡನ ಹಾಯಿದೋಣಿ, ಹೊಳೆಯ ಮೇಲ್ಗಡೆಯ ಊರಿಗೆ ಕೊಟ್ಟ ಮಗಳು ಮಾದೇವಿ, ಮತ್ತೆ ಮಗ, ನಮ್ಮ ಜಟ್ಟು. ಜಟ್ಟುವಿಗೆ ಗಾಳಿ ಗೊತ್ತು, ನೀರು ಗೊತ್ತು, ದೋಣಿ ಗೊತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದೊಂದೇ ಅವನ ರೋಗ.

ಎರಡು ಊರಿನ ನಡುವೆ ಒಂದು ಮರದ ಸೇತುವೆ. ಹಾಯಿದೋಣಿ ಬಂದರೆ ಕಾವಲಿನ ಹಮ್ಮಣ್ಣ ಚಕ್ರ ತಿರುಗಿಸಿ, ಸರಪಳಿ ಎಳೆದು, ನಡುವಿನ ಹಲಗೆ ಎತ್ತಿ ದಾರಿ ಬಿಡಬೇಕು.

ಒಂದು ದಿನ ತುಳಸಕ್ಕ ದೋಣಿಗೆ ಉಪ್ಪು ಹೇರಿಸಿ, "ನೆಟ್ಟಗೆ ಹೋಗು ಮಗಾ, ಎಲ್ಲೂ ನಿಲ್ಬೇಡ" ಅಂದಳು.

ಜಟ್ಟು ನೆಟ್ಟಗೆ ಹೋದ. ಎಲ್ಲೂ ನಿಲ್ಲಲಿಲ್ಲ. ಸೇತುವೆ ಬಂತು, ನಿಲ್ಲಲಿಲ್ಲ. "ನಿಲ್ಲೋ! ನಿಲ್ಲೋ ಮಾರಾಯ!" ಅಂತ ಹಮ್ಮಣ್ಣ ಅರಚಿದ, ಆಗಲೂ ನಿಲ್ಲಲಿಲ್ಲ. ಹಾಯಿಮರದ ತುದಿ ಲಟಕ್ಕಂತ ಮುರಿದು ಅವನ ಮಡಿಲಿಗೇ ಬಿತ್ತು.

"ಅಯ್ಯೋ ಪೆದ್ದೇ!" ತುಳಸಕ್ಕ ಹಣೆ ಚಚ್ಚಿಕೊಂಡಳು. "ಸೇತುವೆ ಕಂಡ ಕೂಡ್ಲೇ ಶಂಖ ಊದ್ಬೇಕು. ಹಲಗೆ ಮೇಲೆ ಹೋದ ಮೇಲೇ ದಾಟ್ಬೇಕು. ತಿಳೀತಾ?"

"ತಿಳೀತವ್ವ!"

ಹಾಯಿಮರ ರಿಪೇರಿ ಆಗುವವರೆಗೆ ದೋಣಿ ಇಲ್ಲ. ಬಸುರಿ ಮಗಳಿಗೆ ಒಣಮೀನಿನ ಬುಟ್ಟಿ ಕೊಟ್ಟು ಬಾ ಅಂತ ತುಳಸಕ್ಕ ಜಟ್ಟುವನ್ನು ನಡೆಸಿಯೇ ಕಳಿಸಿದಳು. ಜಟ್ಟು ಹೊರಟ, ಶಂಖವನ್ನೂ ತಗೊಂಡ. ಸೇತುವೆ ಕಂಡಿತು. ಊದಿದ! ಪಾಪ, ಹಮ್ಮಣ್ಣ ಬೆವರು ಸುರಿಸುತ್ತ ಹಲಗೆ ಎತ್ತಿದ.

"ದೋಣಿ ಎಲ್ಲೋ?"

"ದೋಣಿ ಇಲ್ಲ ಹಮ್ಮಣ್ಣ. ನಡ್ಕೊಂಡು ಬಂದೆ!" ಅನ್ನುತ್ತ ಜಟ್ಟು ಹಲಗೆ ಇಲ್ಲದ ಕಡೆ ಕಾಲಿಟ್ಟು, ಬುಟ್ಟಿ ಸಮೇತ ದೊಪ್ಪಂತ ಹೊಳೆಗೆ ಬಿದ್ದ. ಅವನನ್ನು ಎಳೆದು ಹಾಕಿದವನೂ ಹಮ್ಮಣ್ಣನೇ.

"ಅಯ್ಯೋ ಪೆದ್ದೇ!" ಮನೆಯಲ್ಲಿ ತುಳಸಕ್ಕ ಮತ್ತೆ ಹಣೆ ಚಚ್ಚಿಕೊಂಡಳು. "ಹಲಗೆ ಮೇಲಿದ್ರೆ ಹೆಜ್ಜೆ ಇಡ್ಬೇಡ. ಸುಮ್ನೆ ಕೂತ್ಕೋ. ಅದು ಕೆಳಗೆ ಬಂದ ಮೇಲೆ ಹೋಗು. ತಿಳೀತಾ?"

"ತಿಳೀತವ್ವ!"

ದೋಣಿ ರಿಪೇರಿ ಆಯಿತು. ಮತ್ತೆ ಉಪ್ಪು. ಜಟ್ಟು ಸೇತುವೆ ಹತ್ತಿರ ಬಂದ, ಹಮ್ಮಣ್ಣ ಹಲಗೆ ಎತ್ತಿದ. ಜಟ್ಟು ಲಂಗರು ಹಾಕಿ ಸುಮ್ಮನೆ ಕೂತ.

"ಬಾರೋ! ನೀರು ಇಳೀತಾ ಉಂಟು!"

"ಹಲಗೆ ಮೇಲಿದೆಯಲ್ಲ ಹಮ್ಮಣ್ಣ! ಹೇಗೆ ಬರ್ಲಿ?"

ಇವನು ಕೂತ, ಅವನು ಕೂಗಿದ. ಅವನು ಕೂಗಿದ, ಇವನು ಕೂತ. ನೀರು ಇಳಿದು ದೋಣಿ ಕೆಸರಲ್ಲಿ ಹೂತುಕೊಂಡಿತು. ಮತ್ತೆ ನೀರು ಬಂದ ಮೇಲೇ ಅದು ಮನೆಗೆ ತಿರುಗಿತು.

"ಅಯ್ಯೋ ಪೆದ್ದೇ!" ಈ ಸಲ ತುಳಸಕ್ಕನ ಕಣ್ಣಲ್ಲಿ ನೀರೇ ಬಂತು. "ಆ ಪುಣ್ಯಾತ್ಮ ನಮಗೋಸ್ಕರ ರಟ್ಟೆ ಮುರ್ಕೊಳ್ತಾನೆ, ನಿನ್ನನ್ನ ನೀರಿಂದ ಎತ್ತಿದವನೂ ಅವನೇ. ಉಪಕಾರ ಸ್ಮರಣೆ ಬೇಡವಾ? ಅವ ಹಲಗೆ ಎತ್ತಿದ ಕೂಡ್ಲೇ ಒಳಗೆ ನುಗ್ಗು. ನುಗ್ಗಿ, ಎರಡೂ ಕೈ ಎತ್ತಿ ಮುಗಿ. ಹಲಗೆ ಎತ್ತಿದವರಿಗೆ ಕೈ ಮುಗೀಬೇಕು. ತಿಳೀತಾ?"

"ತಿಳೀತವ್ವ!"

ಅಷ್ಟರಲ್ಲೇ ಸುದ್ದಿ ಬಂತು. ಮಾದೇವಿಗೆ ನೋವು ಶುರುವಾಗಿದೆ, ಆ ಊರಲ್ಲಿ ಹೆರಿಗೆ ತಿಳಿದವರು ಯಾರೂ ಇಲ್ಲ. ತುಳಸಕ್ಕನ ಜೀವ ಬಾಯಿಗೆ ಬಂತು. ಊರಿನ ಅರ್ಧ ಮಕ್ಕಳನ್ನು ಹೆರಿಗೆಯಲ್ಲಿ ಹಿಡಿದ ಕೈ ಅವಳದು, ಮಗಳ ಹತ್ತಿರ ಮುಟ್ಟದಿದ್ದರೆ ಹೇಗೆ? ನೀರು ಏರುತ್ತಿತ್ತು. "ನಡಿ ಜಟ್ಟು!" ಅಂತ ದೋಣಿಯ ಮುಂದೆ ಕೂತಳು. ದೋಣಿ ಹಾರಿತು. ಜಟ್ಟು ಶಂಖ ಊದಿದ, ಹಲಗೆ ಎದ್ದಿತು, ಜಟ್ಟು ನುಗ್ಗಿದ. ಎಲ್ಲ ಸರಿಯಾಯಿತು ಅಂತ ತುಳಸಕ್ಕ ಉಸಿರು ಬಿಟ್ಟಳು.

ಆಗ ಜಟ್ಟು ಎರಡೂ ಕೈ ಎತ್ತಿ ಮುಗಿದ. ಚುಕ್ಕಾಣಿ ಬಿಟ್ಟ, ಹಾಯಿಯ ಹಗ್ಗವನ್ನೂ ಬಿಟ್ಟ!

"ಹಿಡಿಯೋ! ಚುಕ್ಕಾಣಿ ಹಿಡಿಯೋ!"

"ಕೈ ಖಾಲಿ ಇಲ್ಲವ್ವ! ಮುಗೀತಾ ಇದ್ದೇನೆ!"

ದೋಣಿ ಗಿರ್ರಂತ ತಿರುಗಿ ಕಂಬಗಳ ನಡುವೆ ಅಡ್ಡ ಸಿಕ್ಕಿಕೊಂಡಿತು. ಮುಂದೂ ಇಲ್ಲ, ಹಿಂದೂ ಇಲ್ಲ. ಹಾಯಿಮರ ಸಂದಿಯಲ್ಲಿ ನಿಂತು ಹಲಗೆ ಇಳಿಸುವಂತೆಯೂ ಇಲ್ಲ. "ಮಗಳನ್ನ ಕೊಂದೆಯಲ್ಲೋ!" ಅಂತ ತುಳಸಕ್ಕ ಗೋಳಾಡಿದಳು.

ಮೇಲಿಂದ ಹಮ್ಮಣ್ಣ ಕೂಗಿದ. "ತುಳಸಕ್ಕಾ! ಅಳ್ಬೇಡ, ಇತ್ಲಾಗೆ ನೋಡು!"

ಸೇತುವೆಯ ಮೇಲೆ, ಎತ್ತಿದ ಹಲಗೆಯ ಆಚೆಗೆ, ದಾಟಲಾಗದೆ ನಿಂತ ಒಂದು ಎತ್ತಿನಗಾಡಿ. ಕಾದು ಕೂರಲಾರದೆ ಅಳಿಯ ಮಾದೇವಿಯನ್ನು ಗಾಡಿಯಲ್ಲಿ ಮಲಗಿಸಿ ಅತ್ತೆಯ ಮನೆಗೇ ಹೊಡೆದುಕೊಂಡು ಬಂದಿದ್ದ! ದೋಣಿ ದಾಟಿಬಿಟ್ಟಿದ್ದರೆ ತಾಯಿ ಆ ಊರಿಗೆ, ಮಗಳು ಈ ಊರಿಗೆ. ಹಮ್ಮಣ್ಣ ಕೈ ಕೊಟ್ಟು ಎಳೆದ, ತುಳಸಕ್ಕ ಸೀರೆ ಕಚ್ಚೆ ಕಟ್ಟಿ ಗಾಡಿ ಹತ್ತಿದಳು. ಸ್ವಲ್ಪ ಹೊತ್ತಿಗೆ ಸೇತುವೆಯೆಲ್ಲ ಕೇಳುವ ಹಾಗೆ ಕೂಸು ಅತ್ತಿತು. ಹೆಣ್ಣು ಕೂಸು!

ಅಳಿಯನೂ ಹಮ್ಮಣ್ಣನೂ ದೋಣಿಯನ್ನು ನೂಕಿ ಬಿಡಿಸಿ ದಡಕ್ಕೆ ಕಟ್ಟಿದರು. ಹಲಗೆ ಇಳಿಯಿತು. ಇನ್ನು ಗಾಡಿ ಮನೆಗೆ ಹೊರಡಬೇಕು. ತುಳಸಕ್ಕ ಗಾಡಿಯಿಂದ ಇಳಿದಳು. ಮೊದಲು ಹಮ್ಮಣ್ಣನಿಗೆ ಕೈ ಮುಗಿದಳು. ಆಮೇಲೆ ಸೇತುವೆಯ ಚಕ್ರದ ಪಕ್ಕ ಪೆಚ್ಚಾಗಿ ನಿಂತಿದ್ದ ಮಗನ ಕಡೆ ತಿರುಗಿದಳು. ಇಷ್ಟು ವರ್ಷ ಬೈದದ್ದೆಲ್ಲ ನೆನಪಾಯಿತು. ಎರಡೂ ಕೈ ಎತ್ತಿ ಅವನಿಗೂ ಮುಗಿದುಬಿಟ್ಟಳು.

ಜಟ್ಟು ಗಾಬರಿಯಾದ. ಹಿಂದೆ ನೋಡಿದ, ಮುಂದೆ ನೋಡಿದ. ಒಂದೇ ನೆಗೆತಕ್ಕೆ ಚಕ್ರ ಹಿಡಿದು ಗರಗರ ತಿರುಗಿಸಿದ. ಎತ್ತುಗಳ ಮೂಗಿನ ಮುಂದೆಯೇ ಹಲಗೆ ಎದ್ದು ನಿಂತಿತು!

"ಅಯ್ಯೋ ಪೆದ್ದೇ, ಎಂತ ಮಾಡ್ದೆಯೋ!"

ಜಟ್ಟು ಬೆವರು ಒರೆಸಿಕೊಂಡು ನಕ್ಕ. "ಹ್ಞಾಂ, ಈಗ ಮುಗಿಯವ್ವ. ಆಗ ನಾನಿನ್ನೂ ಎತ್ತಿರ್ಲಿಲ್ಲ!"