ಬೆಲ್ಲದ ಗಂಟು

“ಗುರುಗಳೇ, ಹೇಳಿದ್ದಕ್ಕೆಲ್ಲ ಹೂಂ ಎಂದು, ಹೇಳಿದ್ದರಲ್ಲಿ ಒಂದನ್ನೂ ಮಾಡದವರಿಗೆ ಮತ್ತೆ ಮತ್ತೆ ಹೇಳಬೇಕೇ?”

ಹೀಗೆ ಕೇಳಿದವನು ಬಸವಂತ. ಹಲ್ಲಿನ ಆರೈಕೆ ಕಲಿಸುವ ಗುರುವಿನ ಬಳಿ ಅವನದು ಕೊನೆಯ ವರ್ಷ. ಆ ವರ್ಷ ಪ್ರತಿಯೊಬ್ಬ ಶಿಷ್ಯನೂ ಒಂದೊಂದು ಬೀದಿಗೆ ಹೋಗಿ, ಹಲ್ಲು ಹುಳುಕಾಗದಂತೆ ಕಾಪಾಡಿಕೊಳ್ಳುವುದನ್ನು ಅಲ್ಲಿಯ ಜನರಿಗೆ ಕಲಿಸಬೇಕಿತ್ತು. ಬಸವಂತನಿಗೆ ಬಂದದ್ದು ಬೀಡಿ ಕಟ್ಟುವವರ ಬೀದಿ.

ಅವನು ಅಲ್ಲಿಗೆ ಮೂರು ಸಲ ಹೋಗಿದ್ದ. ಅಲ್ಲಿಯ ತಾಯಂದಿರು ಹಾಲಿನ ಬಾಟಲಿಗೆ ಸಕ್ಕರೆ ಹಾಕಿ, ಮಗುವಿನ ಬಾಯಿಗಿಟ್ಟು ಮಲಗಿಸಿ, ಬೀಡಿ ಕಟ್ಟಲು ಕೂರುತ್ತಿದ್ದರು. ಹಾಗೆ ಮಾಡಬೇಡಿ ಎಂದು ಅವನು ಚಿತ್ರ ತೋರಿಸಿ ಹೇಳಿದ. ಎಲ್ಲರೂ ಹೂಂ ಎಂದರು. ಮೂರನೆಯ ಸಲ ಹೋದಾಗಲೂ ಬಾಟಲಿ ಇದ್ದಲ್ಲೇ ಇತ್ತು. ತನಗೆ ಬೇರೆ ಬೀದಿ ಕೊಡಬೇಕು, ಓದಿದವರ ಬೀದಿಯಾದರೆ ಒಳ್ಳೆಯದು ಎಂಬುದು ಅವನ ಬೇಡಿಕೆ.

“ಎಷ್ಟು ಮಕ್ಕಳ ಬಾಯಿ ನೋಡಿದೆ?” ಎಂದು ಗುರು ಕೇಳಿದರು.

“ಇಪ್ಪತ್ತಮೂರು. ಹದಿನೇಳು ಮಕ್ಕಳಿಗೆ ಹುಳುಕಿದೆ.”

ಉತ್ತರ ತಡವಿಲ್ಲದೆ ಬಂತು. ಗುರು ತಲೆದೂಗಿದರು. ಕೂರಲು ಹೇಳಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಲ್ಲಿನ ವೈದ್ಯನಿದ್ದ. ಕೆಲಸದಲ್ಲಿ ಗಟ್ಟಿಗ. ನೋವಾಗದಂತೆ ಹಲ್ಲು ಕೀಳುತ್ತಿದ್ದ. ಆದರೆ ಕೀಳುವುದಕ್ಕಿಂತ ಉಳಿಸುವುದು ದೊಡ್ಡದು ಎಂದು ತಿಳಿದಿದ್ದ. ಅದಕ್ಕಾಗಿ ವಾರಕ್ಕೊಮ್ಮೆ ನೇಕಾರರ ಬೀದಿಗೆ ಹೋಗಿ ಜನರಿಗೆ ತಿಳಿವಳಿಕೆ ಹೇಳುತ್ತಿದ್ದ.

ಆ ಬೀದಿಯಲ್ಲಿ ಒಬ್ಬ ನೇಕಾರಳಿದ್ದಳು. ಅವಳದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಕಾಲು ತುಳಿಯುತ್ತಿರಬೇಕು, ಕೈ ಲಾಳಿ ಎಸೆಯುತ್ತಿರಬೇಕು. ಅವಳಿಗೆ ವರ್ಷ ತುಂಬಿದ ಒಂದು ಮಗು. ಮಗು ಅತ್ತಾಗ ಎತ್ತಿಕೊಳ್ಳಲು ಅವಳಿಗೆ ಮೂರನೆಯ ಕೈ ಇರಲಿಲ್ಲ. ಆ ಬೀದಿಯ ಎಲ್ಲ ಹೆಂಗಸರೂ ಮಾಡುವುದನ್ನೇ ಅವಳೂ ಮಾಡಿದಳು. ತೆಳು ಬಟ್ಟೆಯಲ್ಲಿ ಬೆಲ್ಲದ ಚೂರು ಕಟ್ಟಿ, ಆ ಗಂಟನ್ನು ಚೀಪಲು ಮಗುವಿನ ಬಾಯಿಗೆ ಕೊಟ್ಟಳು. ಮಗು ಸುಮ್ಮನಾಯಿತು. ಮಗ್ಗ ನಡೆಯಿತು.

ಮಗುವಿನ ಮುಂದಿನ ಹಲ್ಲುಗಳು ಮೂಡಿದಂತೆಯೇ ಕಪ್ಪಾಗತೊಡಗಿದವು.

ವೈದ್ಯ ನೋಡಿದ. ಬೆಲ್ಲ ಬಿಡಿಸು ಎಂದ. ಅವಳು ಆಯಿತು ಎಂದಳು. ಮುಂದಿನ ವಾರ ಮಣ್ಣಿನಲ್ಲಿ ಮಾಡಿದ ಹಲ್ಲಿನ ಸಾಲು ತಂದು, ಹುಳುಕು ಹೇಗೆ ಒಳಗೆ ಇಳಿಯುತ್ತದೆ ಎಂದು ಬೀದಿಗೆಲ್ಲ ತೋರಿಸಿದ. ಎಲ್ಲರೂ ಅದನ್ನು ಕೈಯಲ್ಲಿ ಹಿಡಿದು ನೋಡಿದರು. ಚೆನ್ನಾಗಿ ಮಾಡಿದ್ದೀರಿ ಎಂದರು. ಮಗ್ಗಕ್ಕೆ ಮರಳಿದರು.

ಅದಾದ ಮೇಲೆ ಯಾವ ಮನೆಯಲ್ಲೂ ವೈದ್ಯನ ಕಣ್ಣಿಗೆ ಬೆಲ್ಲದ ಗಂಟು ಬೀಳಲಿಲ್ಲ. ಅವನಿಗೆ ಸಂತೋಷವಾಯಿತು. ತನ್ನ ಮಾತು ನಾಟಿತು ಎಂದುಕೊಂಡ. ಬೀದಿಯ ತುದಿಯಲ್ಲಿ ಅವನ ಚಪ್ಪಲಿ ಸದ್ದು ಕೇಳಿದೊಡನೆ ಗಂಟುಗಳು ಹಾಸಿಗೆಯ ಅಡಿಗೆ ಹೋಗುತ್ತಿದ್ದವು. ಅವನ ಪಾಠದಿಂದ ಬೀದಿ ಕಲಿತದ್ದು ಅಷ್ಟೇ.

ಒಂದು ಸಲ ಅವನು ಎಂದಿನ ದಿನ ಬಿಟ್ಟು ಬೇರೆ ದಿನ ಬಂದ. ನೇಕಾರಳ ಮಗು ಜ್ವರದಿಂದ ಕೆಂಡವಾಗಿತ್ತು. ಒಸಡು ಬಾತು ಕೀವು ತುಂಬಿತ್ತು. ಎರಡು ದಿನದಿಂದ ಹಾಲು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಮಗುವಿನ ಮುಷ್ಟಿಯಲ್ಲಿ ಬೆಲ್ಲದ ಗಂಟು ಇತ್ತು.

ವೈದ್ಯ ಮೊದಲು ತನ್ನ ಕೆಲಸ ಮಾಡಿದ. ಕೀವು ತೆಗೆದ. ಎರಡು ಹಲ್ಲು ಉಳಿಯುವಂತಿರಲಿಲ್ಲ, ಕಿತ್ತ. ಜ್ವರಕ್ಕೆ ಔಷಧ ಕೊಟ್ಟ. ಆಮೇಲೆ ಬೈಯಲು ನಿಂತ. ಅಕ್ಕಪಕ್ಕದವರು ಬಂದು ಬಾಗಿಲಲ್ಲಿ ಸೇರುವಷ್ಟು ಜೋರಾಗಿ ಬೈದ. ಅವಳಿಗೆ ಬುದ್ಧಿ ಇಲ್ಲ, ಕರುಳಿಲ್ಲ, ಇಷ್ಟು ಸಲ ಹೇಳಿದರೂ ಕಿವಿಗೆ ಹೋಗಿಲ್ಲ ಎಂದ. ಹೀಗೇ ಮಾಡಿದರೆ ಉಳಿದ ಹಲ್ಲೂ ಹೋಗುತ್ತವೆ, ಆಗ ತನ್ನ ಬಳಿ ಬರಬೇಡ ಎಂದ.

ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಯ ಮಾತಿಗೆ ಅವಳ ಮುಖ ಬಿಳುಚಿತು. ಈ ವೈದ್ಯನೂ ಕೈಬಿಟ್ಟರೆ ಮಗುವಿಗೆ ಬೇರೆ ಗತಿ ಇರಲಿಲ್ಲ. ಅವಳು ಜಗಳವಾಡಲಿಲ್ಲ. ಮಗುವನ್ನು ಎತ್ತಿ ಅವನ ಕೈಗೆ ಕೊಟ್ಟಳು.

“ಸ್ವಾಮಿ, ಇವನನ್ನು ಸ್ವಲ್ಪ ಹಿಡಿದುಕೊಂಡಿರಿ. ಸೀರೆ ನಾಳೆ ಮುಗಿಯಬೇಕು.”

ಹೇಳಿ, ಗುಂಡಿಗೆ ಕಾಲು ಇಳಿಬಿಟ್ಟು ಲಾಳಿ ಹಿಡಿದಳು.

ವೈದ್ಯನ ಮನೆಯಲ್ಲೂ ನಾಲ್ಕು ಮಕ್ಕಳಿದ್ದರು. ಅವರನ್ನು ಎತ್ತಿಕೊಳ್ಳುವವರು ಬೇರೆ ಇದ್ದರು. ಆದರೂ, ಒಂದು ಮಗು ತಾನೇ ಎಂದು ಅವನು ಹಿಡಿದುಕೊಂಡ. ಮಗು ಅತ್ತಿತು. ಅವನು ತೂಗಿದ. ಮಗು ಇನ್ನೂ ಅತ್ತಿತು. ಅವನು ಹೆಗಲಿಗೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆದ. ಬೀಗದ ಕೈ ಅಲ್ಲಾಡಿಸಿದ. ಕಾಗೆ ತೋರಿಸಿದ. ಬರುವ ಹಾಡು ಒಂದೇ ಇತ್ತು, ಅದನ್ನೂ ಹಾಡಿದ. ಮಗು ಅವನ ಅಂಗಿ ನೆನೆಸಿತು, ಕಿವಿಯ ಬಳಿ ಕಿರುಚಿತು. ಮಗ್ಗದ ಸದ್ದು ನಿಲ್ಲಲಿಲ್ಲ.

ಅವನ ಕೈ ಸೋತಿತು. ಬೆನ್ನು ಹಿಡಿಯಿತು. ಬಾಗಿಲಲ್ಲಿದ್ದವರು ಬೇಸರವಾಗಿ ಹೊರಟುಹೋಗಿದ್ದರು. ಅವನು ಆ ಕಡೆ ಈ ಕಡೆ ನೋಡಿದ. ತೊಟ್ಟಿಲಲ್ಲಿ ಬಿದ್ದಿದ್ದ ಬೆಲ್ಲದ ಗಂಟನ್ನು ಎತ್ತಿ ಮಗುವಿನ ಬಾಯಿಗಿಟ್ಟ.

ಮಗು ಸುಮ್ಮನಾಯಿತು.

ಅವಳು ಮಗ್ಗದ ಮೇಲಿನ ಕಣ್ಣು ತೆಗೆಯದೆ ಕೇಳಿದಳು, “ನೀವು ಇವನನ್ನು ಎತ್ತಿಕೊಂಡ ಮೇಲೆ ಎಷ್ಟು ನೇಯ್ದಿದ್ದೇನೆ, ನೋಡಿ ಹೇಳಿ ಸ್ವಾಮಿ.”

“ಒಂದು ಗೇಣು.”

“ಸೀರೆ ಹದಿನಾರು ಮೊಳ.”

ವೈದ್ಯ ನೆಲದ ಮೇಲೆ ಕೂತ. ಆಮೇಲೆ ಮಗುವಿನ ಬಾಯಿಂದ ಗಂಟನ್ನು ಮೆಲ್ಲಗೆ ತೆಗೆದ. ಇಷ್ಟು ತಿಂಗಳಲ್ಲಿ ಕೇಳದ ಒಂದು ಪ್ರಶ್ನೆ ಕೇಳಿದ. ಇವನು ಯಾವ ಹೊತ್ತಿನಲ್ಲಿ ಹೆಚ್ಚು ಅಳುತ್ತಾನೆ?

ಲಾಳಿ ನಿಂತಿತು. ಅದನ್ನು ಅವಳ ಬಳಿ ಯಾರೂ ಕೇಳಿರಲಿಲ್ಲ. ಎರಡು ಹೊತ್ತು ಎಂದಳು. ಬೆಳಗ್ಗೆ ಒಸಡು ಕಡಿಯುವಾಗ, ಮಧ್ಯಾಹ್ನ ನಿದ್ದೆ ಬರುವಾಗ. ಒಸಡಿನ ಕಡಿತಕ್ಕೆ, ನೀರಿನ ಗಡಿಗೆಯಲ್ಲಿ ತಣ್ಣಗಾದ ಒದ್ದೆ ಬಟ್ಟೆಯ ಗಂಟು ಸಾಕು ಎಂದು ಅವನು ಹೇಳಿದ. ಅದಾಗುತ್ತದೆ ಎಂದಳು. ನಿದ್ದೆಯ ಹೊತ್ತಿನದು ಒಂದೇ ದಿನದಲ್ಲಿ ಬಿಡಿಸಲು ಆಗದು ಎಂದಳು. ದಾರಿಯನ್ನೂ ಅವಳೇ ಹೇಳಿದಳು. ಇವತ್ತು ಅಡಿಕೆಯಷ್ಟು ಬೆಲ್ಲ, ನಾಳೆ ಕಡಲೆಯಷ್ಟು, ಆಮೇಲೆ ಸಾಸಿವೆಯಷ್ಟು, ಕೊನೆಗೆ ಬರೀ ಬಟ್ಟೆ. ಮಗು ಮಲಗಿದ ಮೇಲೆ ಒದ್ದೆ ಬಟ್ಟೆಯಿಂದ ಹಲ್ಲು ಒರೆಸುವುದನ್ನು ವೈದ್ಯ ತೋರಿಸಿದ. ಅದಕ್ಕೆ ಹಿಡಿಯುವ ಹೊತ್ತು ಒಂದು ಎಳೆ ಕಡಿದರೆ ಗಂಟು ಹಾಕುವಷ್ಟು. ಅಷ್ಟು ಹೊತ್ತು ತನ್ನ ಬಳಿ ಇದೆ ಎಂದಳು.

ಮರುವಾರ ಬೀದಿಯ ಹೆಂಗಸರೆಲ್ಲ ಸೇರಿದರು. ವೈದ್ಯ ಮಣ್ಣಿನ ಹಲ್ಲು ತಂದಿರಲಿಲ್ಲ. ಒಂದು ಮನೆಯಲ್ಲಿ ಅಳುವ ಮಗುವನ್ನು ಸುಧಾರಿಸಲಾಗದೆ ನನ್ನ ಕೈಯಾರೆ ಬೆಲ್ಲದ ಗಂಟು ಕೊಟ್ಟೆ ಎಂದ. ಹಲ್ಲಿನ ವೈದ್ಯನಾಗಿ ಅದು ತಪ್ಪು ಎಂದ. ಅದಕ್ಕೂ ಮೊದಲು ಆ ಮನೆಯ ತಾಯಿಯನ್ನು ನಾಲ್ಕು ಜನರ ಮುಂದೆ ಬೈದದ್ದು ಅದಕ್ಕಿಂತ ದೊಡ್ಡ ತಪ್ಪು ಎಂದ. ಯಾರ ಮನೆ ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವನ ಹಾಡು ಆರು ಮನೆಗೆ ಕೇಳಿಸಿತ್ತು.

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಒಬ್ಬಳು ಎದ್ದು ಮನೆಗೆ ಹೋಗಿ ಹಾಸಿಗೆಯ ಅಡಿಯಿಂದ ಒಂದು ಗಂಟು ತಂದು ಅವನ ಮುಂದಿಟ್ಟಳು. ಇನ್ನೊಬ್ಬಳು ಸೊಂಟದಿಂದ ತೆಗೆದಳು. ಮತ್ತೊಬ್ಬಳದು ಅಕ್ಕಿ ಡಬ್ಬಿಯಲ್ಲಿತ್ತು. ನೋಡುತ್ತಿದ್ದಂತೆ ಜಗಲಿಯ ಮೇಲೆ ಗಂಟುಗಳ ಗುಡ್ಡೆಯಾಯಿತು, ಇರುವೆಯೂ ಬಂತು. ಮೂಲೆಯಲ್ಲಿ ಕೂತಿದ್ದ ಒಬ್ಬಳು ಮುದುಕಿ ಸ್ವಲ್ಪ ಹೊತ್ತು ಯೋಚಿಸಿ, ದವಡೆಯಿಂದ ಹೊಗೆಸೊಪ್ಪು ತೆಗೆದು ಆಚೆ ಉಗುಳಿ ಬಂದಳು. ನನ್ನದನ್ನೂ ನೋಡಿ ಎಂದು ಬಾಯಿ ತೆರೆದಳು.

ಆ ದಿನದಿಂದ ಆ ಬೀದಿಯಲ್ಲಿ ವೈದ್ಯನ ಚಪ್ಪಲಿ ಸದ್ದಿಗೆ ಯಾರೂ ಏನನ್ನೂ ಬಚ್ಚಿಡಲಿಲ್ಲ. ನೇಕಾರಳ ಮಗುವಿಗೆ ಎರಡು ಹಲ್ಲಿನ ಜಾಗ ಖಾಲಿಯಿತ್ತು, ಉಳಿದವು ನಿಂತವು. ಮುಂದೆ ಆ ಮಗು ಚಕ್ಕುಲಿ ಕಡಿಯುವ ಸದ್ದು ಮಗ್ಗದ ಸದ್ದಿನ ನಡುವೆಯೂ ಕೇಳುತ್ತಿತ್ತು.

ಗುರು ಕತೆ ನಿಲ್ಲಿಸಿದರು.

ಬಸವಂತ ಒಪ್ಪಲಿಲ್ಲ. ವೈದ್ಯನೇ ಬೆಲ್ಲ ಕೊಟ್ಟರೆ ಅವನು ಕಲಿತ ವಿದ್ಯೆಗೆ ಬೆಲೆ ಏನು ಎಂದ. ತಾನಾಗಿದ್ದರೆ ಹಾಗೆ ಎಂದೂ ಕೊಡುತ್ತಿರಲಿಲ್ಲ, ಮೂರು ಸಲದಲ್ಲಿ ಒಮ್ಮೆಯೂ ತಾನು ಅಂಥ ತಪ್ಪು ಮಾಡಿಲ್ಲ ಎಂದ.

ಗುರು ಅವನನ್ನು ಪ್ರೀತಿಯಿಂದಲೇ ನೋಡಿ ಕೇಳಿದರು:

“ನೀನು ಎಣಿಸಿದ ಆ ಹದಿನೇಳು ಮಕ್ಕಳಲ್ಲಿ, ಎತ್ತಿಕೊಂಡಾಗ ಎಲ್ಲಕ್ಕಿಂತ ಭಾರವೆನಿಸಿದ್ದು ಯಾವ ಮಗು?”