ನಾಲ್ಕನೆಯ ಲೀಟರು

ಸೋಮವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಮಠದ ಪ್ರಾರ್ಥನೆಯಲ್ಲಿ ಮೇಲಿನ ಷಡ್ಜ ಸಿಗಲಿಲ್ಲ. ಪ್ರಾಣಹಾನಿ ಆಗಿಲ್ಲ. ಪ್ರಾರ್ಥನೆಗೆ ಕೂತಿದ್ದ ನಲವತ್ತು ಮಂದಿಯಲ್ಲಿ ಮೂವತ್ತೊಂಬತ್ತು ಮಂದಿಗೆ ಅದು ಗೊತ್ತೇ ಆಗಲಿಲ್ಲ. ನಲವತ್ತನೆಯವರು ಸಂಗೀತದ ಮಾಸ್ತರ ಗದಿಗೆಯ್ಯನವರು. ಅವರು ಅಂದು ಉಪ್ಪಿಟ್ಟನ್ನೂ ಮುಟ್ಟದೆ ನೇರವಾಗಿ ಮಠದ ಹಿರಿಯ ಸ್ವಾಮಿಗಳ ಕೋಣೆಗೆ ಹೋದರು. ಸ್ವಾಮಿಗಳನ್ನು ಊರೆಲ್ಲ ಅಜ್ಜನವರು ಎಂದೇ ಕರೆಯುತ್ತದೆ.

"ಅಜ್ಜಾರ, ಆಕೀಗೆ ನಾ ಏನ ಕಡಿಮಿ ಮಾಡೇನ್ರಿ?" ಎಂದು ಗದಿಗೆಯ್ಯನವರು ಕೇಳಿದರು.

ಆಕೆ ಎಂದರೆ ಫಕ್ಕೀರವ್ವ. ಮಠದ ಹಿಂದಿನ ಓಣಿಯಲ್ಲಿ ಕುಪ್ಪಸ ಹೊಲಿಯುತ್ತಾಳೆ. ಆರು ವರ್ಷಗಳಿಂದ ಪ್ರಾರ್ಥನೆಯ ಮೊದಲ ಹಾಡು ಅವಳದು. ಹಗಲೆಲ್ಲ ಬೇರೆಯವರ ಅಳತೆ ತೆಗೆದುಕೊಂಡು, ಅವರ ಮಾತು ಕೇಳಿಸಿಕೊಂಡು ಕೂರುವ ಅವಳಿಗೆ, ನಲವತ್ತು ಮಂದಿ ಬಾಯಿ ಮುಚ್ಚಿ ಕೇಳುವ ಜಾಗ ಇರುವುದು ಅದೊಂದೇ.

ಗದಿಗೆಯ್ಯನವರು ತಮ್ಮ ಕಡೆಯ ವಿವರವನ್ನೂ ಕೊಟ್ಟರು. ಶ್ರಾವಣದ ಪ್ರವಚನ ಹತ್ತಿರ ಬಂತೆಂದು ಅವಳ ಸಂಜೆಯ ಒಂದು ಗಂಟೆಯ ಪಾಠವನ್ನು ಅವರು ಮೂರು ಗಂಟೆ ಮಾಡಿದ್ದರು. ಒಂದು ರಾಗದ ಜಾಗದಲ್ಲಿ ನಾಲ್ಕು ಹೇಳಿಕೊಟ್ಟಿದ್ದರು. ಫಕ್ಕೀರವ್ವ ಬಹಳ ವಿನಯದ ಹೆಂಗಸು, ಏಳು ಗಂಟೆಯಾಯಿತೆಂದರೆ ಇವತ್ತಿಗೆ ಸಾಕು ಎನ್ನುತ್ತಾಳೆ, ತಾವು ಬಿಡುವುದಿಲ್ಲ. ಇಷ್ಟೆಲ್ಲ ಆದ ಮೇಲೆ ಈಗ ಧ್ವನಿ ಒಡೆದಿದೆ, ಸುಲಭದ ಹಾಡೂ ತಪ್ಪುತ್ತಿದೆ. ಪಾತ್ರೆಯೇ ತೂತು, ಮೊದಲ ಹಾಡನ್ನು ಶ್ರಾವಣದಿಂದ ಬೇರೆಯವರಿಗೆ ಕೊಡೋಣ, ಅಪ್ಪಣೆಯಾಗಬೇಕು ಎಂದರು.

ಅಜ್ಜನವರು ಕನ್ನಡಕ ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೆ ಮಾಸ್ತರನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕಿರಾಣಿ ವ್ಯಾಪಾರಿ ಇದ್ದ. ಉಣಬಡಿಸುವುದರಲ್ಲಿ ಅವನ ಮನೆತನಕ್ಕೆ ಹೆಸರು. ಆ ಮನೆಯಲ್ಲಿ ಅತಿಥಿ ಮೊದಲ ಸಲ ಸಾಕು ಎಂದರೆ ಅದನ್ನು ನಾಚಿಕೆ ಎಂದು ತಿಳಿಯುತ್ತಿದ್ದರು. ಎರಡನೆಯ ಸಲ ಎಂದರೆ ಮರ್ಯಾದೆಗೆ ಎಂದಿದ್ದಾನೆ ಎಂದು ತಿಳಿಯುತ್ತಿದ್ದರು. ಮೂರನೆಯ ಸಲ ಅವನು ಎಲೆಗೆ ಎರಡೂ ಕೈ ಅಡ್ಡ ಹಿಡಿದರೆ ಹೋಳಿಗೆಯನ್ನು ಕೈಯ ಮೇಲೆ ಇಟ್ಟು ತುಪ್ಪವನ್ನು ಬೆರಳ ಸಂದಿಯಲ್ಲಿ ಬಿಡುತ್ತಿದ್ದರು. ಅಲ್ಲಿ ಉಂಡವರು ಗೋಡೆ ಹಿಡಿದು ಏಳುತ್ತಿದ್ದರು. ಆದರೆ ಹೊಗಳುತ್ತ ಏಳುತ್ತಿದ್ದರು.

ವ್ಯಾಪಾರಿಗೆ ಇಪ್ಪತ್ತೆರಡು ವರ್ಷದ ಒಂದು ಕಾರು ಇತ್ತು. ಅಂಗಡಿ ತೆರೆದ ವರ್ಷ ಕೊಂಡದ್ದು. ಹೆರಿಗೆಯಾದ ಹೆಂಡತಿಯನ್ನೂ ಮಗಳನ್ನೂ ಆಸ್ಪತ್ರೆಯಿಂದ ಮನೆಗೆ ತಂದದ್ದು ಅದರಲ್ಲಿಯೇ. ಹಳೆಯದಾದರೂ ಅದು ಒಂದು ದಿನ ಹೊಗೆ ಬಿಟ್ಟದ್ದಿಲ್ಲ.

ಆ ವರ್ಷ ಅವನು ಕಾರಿನ ಎಂಜಿನ್ ಆಯಿಲ್ ಬದಲಿಸಲು ಹೋದ. ಮೆಕ್ಯಾನಿಕ್ ಹಳೆಯ ಎಣ್ಣೆ ಇಳಿಸಿ ಹೊಸದನ್ನು ಮೂರು ಲೀಟರು ಸುರಿದ. ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಹೊರಗೆಳೆದು ನೋಡಿ ಸಾಕು ಎಂದ. ಡಬ್ಬಿ ನಾಲ್ಕು ಲೀಟರಿನದು. ಇಪ್ಪತ್ತೆರಡು ವರ್ಷ ದುಡಿದ ಕಾರಿಗೆ ಒಂದು ಲೀಟರು ಉಳಿಸಿಕೊಳ್ಳುವುದು ವ್ಯಾಪಾರಿಗೆ ಸರಿ ಕಾಣಲಿಲ್ಲ. ಮೆಕ್ಯಾನಿಕ್ ಕಡ್ಡಿಯನ್ನು ಮತ್ತೊಮ್ಮೆ ಎಳೆದು, ಎಣ್ಣೆ ಮೇಲಿನ ಗೆರೆ ಮುಟ್ಟಿರುವುದನ್ನು ತೋರಿಸಿದ. ಕಡ್ಡಿಗೂ ನಾಚಿಕೆ ಇರುತ್ತದೆ ಎಂದು ವ್ಯಾಪಾರಿ ಭಾವಿಸಿರಬೇಕು. ನಾಲ್ಕನೆಯ ಲೀಟರನ್ನು ತನ್ನ ಕೈಯಿಂದಲೇ ಸುರಿದ.

ಮರುದಿನ ಕಾರು ಹೊಗೆ ಬಿಟ್ಟಿತು. ಪೇಟೆಯ ಈ ತುದಿಯಿಂದ ಆ ತುದಿಗೆ ನೀಲಿ ಹೊಗೆ. ಎದುರಿನ ಅಂಗಡಿಯವನು, ಸಾವಕಾರರಿಗೆ ಮುನ್ಸಿಪಾಲ್ಟಿಯವರು ಸೊಳ್ಳೆ ಓಡಿಸುವ ಕೆಲಸ ಯಾವಾಗ ಕೊಟ್ಟರು ಎಂದು ವಿಚಾರಿಸಿದ.

ವ್ಯಾಪಾರಿ ಮೊದಲಿನ ಮೆಕ್ಯಾನಿಕ್ಕಿನ ಹತ್ತಿರ ಹೋಗಲಿಲ್ಲ. ಅವನ ಕೈ ತಾಗಿದ ಮೇಲೆಯೇ ಹೊಗೆ ಬಂದದ್ದು, ಆದ್ದರಿಂದ ಅವನೇ ಕಾರಣ ಎಂದು ತೀರ್ಮಾನಿಸಿದ್ದ. ಎರಡನೆಯವನು ಹೊಗೆಯ ಬಣ್ಣ ನೋಡಿದ. ಹೊಗೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಎಂದು, ಬೆಳ್ಳಗಿದ್ದರೆ ನೀರು ಸೇರಿದೆ ಎಂದು, ಇದು ನೀಲಿ, ಎಂಜಿನ್ ಎಣ್ಣೆ ಕುಡಿಯುತ್ತಿದೆ ಎಂದ. ಅವನು ಹೇಳಿದ್ದು ನಿಜ. ಕಡ್ಡಿ ಎಳೆದು ನೋಡಲಿಲ್ಲ, ಅಷ್ಟೇ. ಕುಡಿಯುತ್ತಿದೆ ಎಂದರೆ ಇನ್ನೂ ಬೇಕಾಗಿದೆ ಎಂದು ವ್ಯಾಪಾರಿ ತಿಳಿದ. ಮನೆಗೆ ಬಂದು ಇನ್ನರ್ಧ ಲೀಟರು ಹಾಕಿದ.

ಹೊಗೆ ದಪ್ಪಗಾಯಿತು. ಮೂರನೆಯ ಮೆಕ್ಯಾನಿಕ್ ದೂರದಿಂದಲೇ ಮೂಗು ಮುಚ್ಚಿಕೊಂಡು, ಪಿಸ್ಟನ್ನಿನ ರಿಂಗುಗಳು ಸವೆದಿವೆ, ಎಂಜಿನ್ ಬಿಚ್ಚಬೇಕು, ಇಷ್ಟು ವಯಸ್ಸಾದ ಕಾರಿಗೆ ಅದನ್ನು ಮಾಡುವುದಕ್ಕಿಂತ ಗುಜರಿಗೆ ಹಾಕುವುದು ಲೇಸು ಎಂದ. ವ್ಯಾಪಾರಿ ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೆಯ ದಿನ ಗುಜರಿಯವನಿಗೆ ಹೇಳಿ ಕಳಿಸಿದ. ಹೆಂಡತಿ ಕಾರಿನ ಹಿಂದಿನ ಸೀಟಿನ ಕವರು ಬಿಚ್ಚಿ ಒಗೆದು ಒಣಹಾಕಿದಳು, ಮತ್ತೆ ತಂದು ಹೊದಿಸಿದಳು. ಯಾಕೆಂದು ಯಾರೂ ಕೇಳಲಿಲ್ಲ.

ಗುಜರಿಯವನು ಬಂದ. ಕಾರನ್ನು ಓಡಿಸಿಕೊಂಡೇ ಹೋಗಬೇಕಾಗಿತ್ತಾದ್ದರಿಂದ ಅವನು ಮುಚ್ಚಳ ಎತ್ತಿ, ರೂಢಿಯಂತೆ ಕಡ್ಡಿ ಎಳೆದ. ಒರೆಸಿ ಇನ್ನೊಮ್ಮೆ ಹಾಕಿ ಎಳೆದ. ಎಣ್ಣೆ ಮೇಲಿನ ಗೆರೆಯನ್ನು ದಾಟಿ ನಾಲ್ಕು ಬೆರಳು ಮೇಲಿತ್ತು. ವ್ಯಾಪಾರಿ ಪಕ್ಕದಲ್ಲಿ ನಿಂತಿದ್ದ.

"ಇದಕ್ಕ ನಾ ಏನ ಕಡಿಮಿ ಮಾಡಿದ್ನೋ, ತಿಳೀವಲ್ದು" ಎಂದ.

"ಕಡಿಮಿ ಏನೂ ಮಾಡಿಲ್ರಿ ಸಾವಕಾರ್ರ. ಇದಕ್ಕ ರೋಗಾನೂ ಇಲ್ಲ. ಇದು ನಿಮ್ಮ ಮನ್ಯಾಗ ಊಟಾ ಮಾಡೇತಿ, ಅಷ್ಟ."

ಗುಜರಿಯವನು ಕಾರಿನ ಅಡಿಗೆ ಒಂದು ಹಳೆಯ ಡಬ್ಬಿ ಇಟ್ಟು, ಬೋಲ್ಟು ಸಡಿಲಿಸಿ, ಹೆಚ್ಚಾದ ಎಣ್ಣೆಯನ್ನು ಇಳಿಸಿದ. ಕಡ್ಡಿ ನೋಡಿ ಬೋಲ್ಟು ಬಿಗಿದ. ಸೈಲೆನ್ಸರಿನಲ್ಲಿ ನಿಂತಿರುವ ಎಣ್ಣೆ ಇನ್ನೆರಡು ದಿನ ಸುಡುತ್ತದೆ, ಅದಕ್ಕೆ ಹೆದರಿ ಮತ್ತೇನೂ ಸುರಿಯಬೇಡಿ ಎಂದು ಹೇಳಿದ. ಎರಡು ದಿನ ಹೊಗೆ ಬಂತು. ಮೂರನೆಯ ದಿನ ಬರಲಿಲ್ಲ.

ಅಂದು ಗುಜರಿಯವನನ್ನು ಊಟಕ್ಕೆ ಕೂರಿಸಿದರು. ಎರಡನೆಯ ಹೋಳಿಗೆಗೆ ಅವನು ಸಾಕು ಎಂದ. ವ್ಯಾಪಾರಿ ಮೂರನೆಯದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತ. ಆಮೇಲೆ ಅದನ್ನು ಬುಟ್ಟಿಗೆ ವಾಪಸು ಹಾಕಿದ. ಆ ಮನೆತನದಲ್ಲಿ ಹಾಗೆ ಮಾಡಿದವರು ಅವನಿಗಿಂತ ಮುಂಚೆ ಯಾರೂ ಇರಲಿಲ್ಲ.

ಅಜ್ಜನವರು ಕನ್ನಡಕ ಹಾಕಿಕೊಂಡರು.

ಕತೆ ಚೆನ್ನಾಗಿದೆ ಎಂದು ಗದಿಗೆಯ್ಯನವರು ಒಪ್ಪಿದರು. ಆದರೆ ವ್ಯಾಪಾರಿಗೆ ಸ್ವಲ್ಪ ಅನ್ಯಾಯವಾಗಿದೆ ಎಂದು ಅವರಿಗೆ ಅನಿಸಿತು. ಪ್ರೀತಿಯಿಂದ ಮಾಡಿದವನನ್ನು ಅಷ್ಟು ಹೀಗಳೆಯಬಾರದು ಎಂದರು.

"ಕಡ್ಡಿ ನೋಡಿ ತಿಳ್ಕೊಳ್ಳಾಕ ಅಂವೇನ ಮೆಕ್ಯಾನಿಕ್ ಏನ್ರಿ, ಅಜ್ಜಾರ? ಸಾಕಾತು ಅಂತ ಬಾಯಿಬಿಟ್ಟು ಹೇಳಾಕ ಕಾರಿಗೆ ಬಾಯಿಲ್ಲ."

"ಖರೆ," ಎಂದರು ಅಜ್ಜನವರು. "ಫಕ್ಕೀರವ್ವಗ ಐತಿ."

ಗದಿಗೆಯ್ಯನವರು ಎದ್ದು ಅಡುಗೆಮನೆಗೆ ಹೋದರು. ಉಪ್ಪಿಟ್ಟು ಆರಿತ್ತು.

ಅಂದಿನಿಂದ ಸಂಜೆಯ ಪಾಠ ಏಳು ಗಂಟೆಗೆ ಮುಗಿಯುತ್ತಿದೆ. ಮೇಲಿನ ಷಡ್ಜ ಹನ್ನೊಂದನೆಯ ದಿನ ಸಿಕ್ಕಿತು. ಶ್ರಾವಣದ ಮೊದಲ ದಿನ ಮೊದಲ ಹಾಡನ್ನು ಫಕ್ಕೀರವ್ವ ಹಾಡಿದಳು.