ಸೈಕಲ್ ಎಣಿಸಿದ ಪೆಟ್ಟಿಗೆ

ನಗರದ ರಸ್ತೆಯೊಂದರ ಅಂಚಿಗೆ ಕಟ್ಟೆ ಕಟ್ಟಿ, ಸೈಕಲ್‌ಗಳಿಗೆಂದೇ ಒಂದು ಪಥ ಮಾಡಿದ್ದರು. ಪಥದ ಪಕ್ಕದ ಕಂಬದ ಮೇಲೆ, ದಾಟುವ ಸೈಕಲ್‌ಗಳನ್ನು ಎಣಿಸುವ ಪೆಟ್ಟಿಗೆ ಕುಳಿತಿತ್ತು. ಅಂದು ಸಂಜೆಯೊಳಗೆ ನೂರು ಸೈಕಲ್ ದಾಟದಿದ್ದರೆ ಪಥವನ್ನು ತೆಗೆಯುವುದೆಂದು ತೀರ್ಮಾನವಾಗಿತ್ತು.

ಬೆಳಿಗ್ಗೆಯೇ ಒಂದು ಕಾರು ಪಥದೊಳಗೆ ನುಗ್ಗಿ, ಪೆಟ್ಟಿಗೆಗಿಂತ ಹತ್ತು ಹೆಜ್ಜೆ ಮೊದಲೇ ನಿಂತುಬಿಟ್ಟಿತು. ಹಿಂದೆಯೇ ಸೊಪ್ಪಿನ ಬುಟ್ಟಿ ಹೊತ್ತ ಸೈಕಲ್ ಬಂತು.

"ಅಣ್ಣ, ಸ್ವಲ್ಪ ಜಾಗ ಬಿಡಿ."

"ಎರಡೇ ನಿಮಿಷ, ತಮ್ಮ."

ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನಲವತ್ತು ಸೈಕಲ್‌ಗಳು ನಿಂತಿದ್ದವು. ಬೇಸತ್ತ ಕೆಲವು ಕಟ್ಟೆ ದಾಟಿ, ಜೀವ ಕೈಯಲ್ಲಿ ಹಿಡಿದು ಬಸ್ಸುಗಳ ನಡುವೆ ನುಸುಳಿದವು. ಸೊಪ್ಪು ಬಾಡಿತು.

ಸೈಕಲ್ ಪೆಟ್ಟಿಗೆಯನ್ನು ಕೂಗಿತು. "ಸ್ವಾಮಿ, ನಾವು ಇಲ್ಲೇ ಇದ್ದೇವೆ. ಎಣಿಸಿಕೊಳ್ಳಿ!"

"ನನ್ನೆದುರು ದಾಟಿದರೆ ಮಾತ್ರ ಲೆಕ್ಕ."

"ಕಾರು ಅಡ್ಡ ನಿಂತಿದೆಯಲ್ಲ!"

"ಅದಕ್ಕೆ ಕಾಲಂ ಇಲ್ಲ."

"ಷರಾ ಕಾಲಂ ಇದೆಯಲ್ಲ, ಅಲ್ಲಾದರೂ ಬರೆಯಿರಿ!"

ಕಾರು ನಡುವೆ ಬಾಯಿ ಹಾಕಿತು. "ಒಂದು ಸೈಕಲ್ಲೂ ಓಡಾಡದ ದಾರಿಗೆ ಇಷ್ಟು ಜಾಗ ದಂಡ. ಅದನ್ನೂ ಬರೆದುಕೊಳ್ಳಿ."

"ನಿನ್ನ ಬೆನ್ನ ಹಿಂದೆಯೇ ಇದ್ದೇವಲ್ಲೋ ಮಾರಾಯ!" ಎಂದು ಸೈಕಲ್ ಕಿರುಚಿತು.

"ಕನ್ನಡಿ ಮಡಚಿದ್ದೇನೆ, ತಮ್ಮ. ಕಾಣಿಸುತ್ತಿಲ್ಲ."

ಸಂಜೆ ಪೆಟ್ಟಿಗೆ ಅಚ್ಚುಕಟ್ಟಾಗಿ ಬರೆಯಿತು: ದಾಟಿದ ಸೈಕಲ್, ಸೊನ್ನೆ. ಷರಾ: ಪಥ ತೆಗೆದು ಕಾರು ನಿಲ್ಲಿಸಲು ಕೊಡಬಹುದು.

ಶಾಯಿ ಆರಿದ ಮೇಲೆ ಕಾರು ಕನ್ನಡಿ ಬಿಚ್ಚಿ ಹೊರಟಿತು.

"ನೋಡು ತಮ್ಮ, ಜಾಗ ಬಿಟ್ಟೆ. ಎರಡೇ ನಿಮಿಷ ಎಂದಿದ್ದೆನಲ್ಲ!"